ಹನ್ನೊಂದರಿಂದ ಆರಕ್ಕೆ: ಅಮೆರಿಕದ ಸಣ್ಣ ಊರುಗಳ ಹೈಸ್ಕೂಲು ಫುಟ್‌ಬಾಲು

ಅಮೆರಿಕದ ಸಂಯುಕ್ತ ಸಂಸ್ಥಾನಗಳ ನಡುನಾಡಿನಲ್ಲಿ, ಮಿಸಿಸಿಪಿ ನದಿಗೆ ಪಶ್ಚಿಮದಲ್ಲಿ ಹರಡಿರುವ ಹುಲ್ಲುಬಯಲಿನ ಸೀಮೆಯಲ್ಲಿ, ಇನ್ನೂರು ಮುನ್ನೂರು ಜನರಷ್ಟೇ ವಾಸಿಸುವ ಊರುಗಳು ಅನೇಕವಾಗಿವೆ. ಅಂಥ ಊರಿನ ಹೈಸ್ಕೂಲಿಗೆ ಫುಟ್‌ಬಾಲ್ ತಂಡವೊಂದು ಈ ವರ್ಷ ಕೂಡೀತೋ ಇಲ್ಲವೋ ಎಂಬ ಪ್ರಶ್ನೆ ಹೊರಗಿನವರಿಗೆ ಅಲ್ಪವಾಗಿ ತೋರಬಹುದು. ಊರಿನವರಿಗೆ ಅದು ಅಲ್ಪವಲ್ಲ. ತಂಡ ಹೋದರೆ ಮಕ್ಕಳು ಹೋಗುತ್ತಾರೆ, ಮಕ್ಕಳು ಹೋದರೆ ಶಾಲೆ ಹೋಗುತ್ತದೆ, ಶಾಲೆಯ ಹಿಂದೆಯೇ ಅಂಗಡಿ, ಅಂಚೆಮನೆಗಳೂ ಹೋಗುತ್ತವೆ ಎಂಬ ಭಯ ಅವರನ್ನು ಕಾಡುತ್ತಿರುತ್ತದೆ. ಈ ಭಯಕ್ಕೆ ಈಗ ತೊಂಬತ್ತು ವರ್ಷಗಳ ಇತಿಹಾಸವಿದೆ. ಅದನ್ನು ತಡೆಯುವುದಕ್ಕಾಗಿ ಆ ಜನರು ತಮ್ಮ ಅತಿ ಪ್ರಿಯವಾದ ಆಟದ ನಿಯಮಗಳನ್ನೇ ತಿದ್ದಿಕೊಂಡಿದ್ದಾರೆ.

ಅಲ್ಲಿ ಫುಟ್‌ಬಾಲ್ ಎಂದರೆ ನಮ್ಮಲ್ಲಿ ಆ ಹೆಸರಿನಿಂದ ಪ್ರಸಿದ್ಧವಾದ ಕಾಲ್ಚೆಂಡಿನಾಟವಲ್ಲ. ಚೆಂಡು ಎರಡು ತುದಿಗಳಲ್ಲಿ ಮೊನಚಾಗಿ ಮೊಟ್ಟೆಯಾಕಾರದಲ್ಲಿರುತ್ತದೆ. ಅದನ್ನು ಕಾಲಿನಿಂದ ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೂ ಮುಂದಕ್ಕೆ ಎಸೆಯುವುದೂ ಹೆಚ್ಚು. ಒಂದೊಂದು ಪಕ್ಷದಲ್ಲಿ ಹನ್ನೊಂದು ಮಂದಿ. ಅಂಗಳ 100 ಗಜ ಉದ್ದ, 53 ಗಜಕ್ಕೆ ಸ್ವಲ್ಪ ಮಿಕ್ಕಿದ ಅಗಲ. ಚೆಂಡು ಹೊಂದಿದ ಪಕ್ಷವು ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುನ್ನಡೆಯಬೇಕು. ಇಲ್ಲದಿದ್ದರೆ ಚೆಂಡನ್ನು ಎದುರಾಳಿಗೆ ಬಿಟ್ಟುಕೊಡಬೇಕು. ಓಡುವವನನ್ನು ಹಿಡಿದು ನೆಲಕ್ಕೆ ಕೆಡಹುವುದೇ ರಕ್ಷಣೆಯ ಕ್ರಮ. ಆದುದರಿಂದ ದೇಹಕ್ಕೆ ಬೀಳುವ ಪೆಟ್ಟು ಬಹಳ. ಶಿರಸ್ತ್ರಾಣ, ಭುಜರಕ್ಷೆಗಳಿಲ್ಲದೆ ಯಾರೂ ಅಂಗಳಕ್ಕೆ ಇಳಿಯುವುದಿಲ್ಲ. ವಾರಕ್ಕೆ ಒಂದಕ್ಕಿಂತ ಹೆಚ್ಚು ಪಂದ್ಯಗಳನ್ನು ಆಡುವ ರೂಢಿಯೂ ಇಲ್ಲ. ಹೈಸ್ಕೂಲುಗಳಲ್ಲಿ ಆ ಒಂದು ಪಂದ್ಯ ಸಾಮಾನ್ಯವಾಗಿ ಶುಕ್ರವಾರ ರಾತ್ರಿ ದೀಪಗಳ ಬೆಳಕಿನಲ್ಲಿ ನಡೆಯುತ್ತದೆ.

ಈ ಶುಕ್ರವಾರದ ರಾತ್ರಿಗೆ ಸಣ್ಣ ಊರಿನಲ್ಲಿರುವ ಸ್ಥಾನವನ್ನು ನಮ್ಮ ಕಡೆಯ ಊರಹಬ್ಬಕ್ಕೆ ಹೋಲಿಸಿದರೆ ತಪ್ಪಾಗಲಾರದು. ಶಾಲೆಯ ವಾದ್ಯಮೇಳ ಬಾರಿಸುತ್ತದೆ. ತಾಯಂದಿರು ತಿಂಡಿಯ ಮಳಿಗೆಯಲ್ಲಿ ನಿಂತು ಬಂದ ಹಣವನ್ನು ಶಾಲೆಯ ಕಾರ್ಯಗಳಿಗೆ ಕೂಡಿಡುತ್ತಾರೆ. ಮುದುಕರು ತಾವು ಆಡಿದ ಕಾಲದ ತಂಡವನ್ನು ಈಗಿನ ತಂಡದೊಡನೆ ಹೋಲಿಸಿ ಈಗಿನದರಲ್ಲಿ ದೋಷ ಹುಡುಕುತ್ತಾರೆ. ವರ್ಷಕ್ಕೊಮ್ಮೆ ಹಳೆಯ ವಿದ್ಯಾರ್ಥಿಗಳೆಲ್ಲ ಊರಿಗೆ ಮರಳಿ ಬರುವ ಸಮಾರಂಭವೊಂದುಂಟು. ಅದೂ ಒಂದು ಫುಟ್‌ಬಾಲ್ ಪಂದ್ಯದ ಸುತ್ತಲೇ ಏರ್ಪಡುತ್ತದೆ. ಇಂಥ ಅನೇಕ ಊರುಗಳಲ್ಲಿ ಹೆಚ್ಚು ಜನರಿಗೆ ಸಂಬಳ ಕೊಡುವ ಸಂಸ್ಥೆ ಶಾಲೆಯೇ. ಸಿನೆಮಾ ಮಂದಿರವಿಲ್ಲದ, ಹೋಟೆಲು ಮುಚ್ಚಿಹೋದ ಊರಿನಲ್ಲಿ ಎಲ್ಲ ಮತಪಂಥಗಳವರೂ, ಪರಸ್ಪರ ಮಾತು ಬಿಟ್ಟವರೂ ಒಂದೇ ಸಾಲಿನಲ್ಲಿ ಕುಳಿತುಕೊಳ್ಳುವುದು ಆ ಮೈದಾನದ ಮೆಟ್ಟಿಲುಗಳ ಮೇಲೆ ಮಾತ್ರ.

ಮಕ್ಕಳ ಸಂಖ್ಯೆ ಇಳಿದುದು ಹೇಗೆ? 1862ರ ಕಾನೂನಿನ ಪ್ರಕಾರ ಬಯಲುಸೀಮೆಗೆ ಬಂದು ನೆಲೆಸಿದ ಕುಟುಂಬಕ್ಕೆ ಸರಕಾರವು 160 ಎಕರೆ ನೆಲವನ್ನು ಕೊಡುತ್ತಿದ್ದಿತು. ಅಷ್ಟಷ್ಟು ನೆಲಕ್ಕೆ ಒಂದೊಂದು ಮನೆ, ಮನೆ ತುಂಬ ಮಕ್ಕಳು, ಕೆಲವು ಮೈಲಿಗಳಿಗೊಂದು ಒಂಟಿ ಕೋಣೆಯ ಶಾಲೆ, ರೈಲುದಾರಿಯುದ್ದಕ್ಕೂ ಹತ್ತಿಪ್ಪತ್ತು ಮೈಲಿಗೆ ಒಂದು ಪೇಟೆ ಎಂಬಂತೆ ಆ ನಾಡು ಬೆಳೆಯಿತು. ಬಳಿಕ ಟ್ರ್ಯಾಕ್ಟರು ಬಂದಿತು. ನಾಲ್ಕು ಕುಟುಂಬಗಳು ಮಾಡುತ್ತಿದ್ದ ಕೆಲಸವನ್ನು ಒಂದು ಕುಟುಂಬ ಮಾಡುವಂತಾಯಿತು. ಹೊಲಗಳು ಕೂಡಿಕೊಂಡುವು, ಮನೆಗಳು ಬರಿದಾದುವು. ದೇಶದಲ್ಲಿ 1935ರಲ್ಲಿ ಸುಮಾರು 68 ಲಕ್ಷ ಕೃಷಿ ಹಿಡುವಳಿಗಳಿದ್ದುವು. 2022ರ ಕೃಷಿಗಣತಿಯ ವೇಳೆಗೆ ಅವು 19 ಲಕ್ಷಕ್ಕೆ ಇಳಿದಿದ್ದುವು. ನೆಬ್ರಾಸ್ಕ ಸಂಸ್ಥಾನದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತಾರ ಈಗ ಸಾವಿರ ಎಕರೆಯ ಸಮೀಪದಲ್ಲಿದೆ. 1930ರ ದಶಕದ ಬರ ಮತ್ತು ಆರ್ಥಿಕ ಮುಗ್ಗಟ್ಟು, 1980ರ ದಶಕದಲ್ಲಿ ರೈತರು ಸಾಲದಲ್ಲಿ ಮುಳುಗಿ ಹೊಲ ಕಳೆದುಕೊಂಡ ಸಂಕಟ, ಇವೆರಡೂ ಈ ಇಳಿತವನ್ನು ತೀವ್ರಗೊಳಿಸಿದುವು. ಓದಿದ ತರುಣರು ಒಮಾಹ, ಡೆನ್ವರ್‌ಗಳಂಥ ನಗರಗಳಿಗೆ ಹೋದವರು ಹಿಂದಿರುಗಲಿಲ್ಲ. ಉಳಿದ ಕುಟುಂಬಗಳಲ್ಲಿ ಮಕ್ಕಳ ಸಂಖ್ಯೆ ಕಡಮೆಯಾಯಿತು.

ಶಾಲೆಗಳ ಲೆಕ್ಕ ಇದಕ್ಕೆ ಕನ್ನಡಿ ಹಿಡಿಯುತ್ತದೆ. 1930ರ ಸುಮಾರಿಗೆ ಆ ದೇಶದಲ್ಲಿ ಏಕೋಪಾಧ್ಯಾಯ ಶಾಲೆಗಳು ಒಂದೂವರೆ ಲಕ್ಷದ ಹತ್ತಿರ ಇದ್ದುವು. ಇಂದು ಅವು ತೀರ ವಿರಳ. ಸ್ವತಂತ್ರ ಆಡಳಿತವಿದ್ದ ಶಾಲಾ ವಿಭಾಗಗಳು 1937-38ರಲ್ಲಿ 1,19,000ದಷ್ಟಿದ್ದುದು 1970-71ರ ವೇಳೆಗೆ 18,000ಕ್ಕೆ ಇಳಿದು, ಈಚೆಗೆ 13,000ದ ಆಸುಪಾಸಿನಲ್ಲಿದೆ. ಈ ಇಳಿತವೆಲ್ಲ ಜನ ಕಡಮೆಯಾದುದರಿಂದಲೇ ಆದುದಲ್ಲ. ಒಳ್ಳೆಯ ರಸ್ತೆಗಳೂ ಶಾಲಾ ಬಸ್ಸುಗಳೂ ಬಂದುದರಿಂದ, ದೊಡ್ಡ ಶಾಲೆಯಲ್ಲಿ ಶಿಕ್ಷಣ ಮೇಲಾಗಿರುವುದೆಂದು ಅಧಿಕಾರಿಗಳು ನಂಬಿದುದರಿಂದ ಬಲವಂತವಾಗಿಯೋ ಒಪ್ಪಿಗೆಯಿಂದಲೋ ಶಾಲೆಗಳನ್ನು ಕೂಡಿಸಲಾಯಿತು. ಮುಂಬಯಿಯಂಥ ಹೊರನಾಡ ನಗರಗಳಲ್ಲಿ ಕನ್ನಡ ಮಾಧ್ಯಮದ ತರಗತಿಗಳು ಒಂದೊಂದಾಗಿ ಬರಿದಾದುದನ್ನು ಬಲ್ಲ ವಾಚಕರಿಗೆ, ಹೆಸರು ಪಟ್ಟಿಯಲ್ಲಿನ ಅಂಕಿಗಳು ಒಂದು ಸಮುದಾಯಕ್ಕೆ ಎಷ್ಟು ಭಾರವಾಗಬಲ್ಲುವೆಂಬುದನ್ನು ವಿವರಿಸಬೇಕಾಗಿಲ್ಲ.

ಇನ್ನು ಆಟದ ಗಣಿತ. ಅಮೆರಿಕದ ಹೈಸ್ಕೂಲಿನಲ್ಲಿ ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ತರಗತಿಗಳಿರುತ್ತವೆ. ನಾಲ್ಕರಲ್ಲಿಯೂ ಕೂಡಿ ಅರುವತ್ತು ಮಕ್ಕಳಿರುವ ಶಾಲೆಯೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಅವರಲ್ಲಿ ಹುಡುಗರು ಮೂವತ್ತು. ಅರ್ಧದಷ್ಟು ಮಂದಿ ಆಟಕ್ಕೆ ಬಂದರೆ ಹದಿನೈದು.  ಹನ್ನೊಂದು ಮಂದಿಯನ್ನು ಅಂಗಳಕ್ಕೆ ಕಳಿಸಿದರೆ ಹೊರಗೆ ಉಳಿಯುವವರು ನಾಲ್ವರು. ದೊಡ್ಡ ಶಾಲೆಗಳಲ್ಲಿ ಆಕ್ರಮಣಕ್ಕೆ ಒಂದು ಗುಂಪು, ರಕ್ಷಣೆಗೆ ಇನ್ನೊಂದು ಗುಂಪು ಇರುವುದು ವಾಡಿಕೆ. ಇಲ್ಲಿ ಅದೇ ಹುಡುಗರು ಎರಡನ್ನೂ ಆಡಬೇಕು, ಒಂದು ನಿಮಿಷವೂ ವಿಶ್ರಾಂತಿಯಿಲ್ಲ. ಒಬ್ಬನ ಮೊಣಕಾಲು ತಿರುಚಿತು, ಇನ್ನೊಬ್ಬನ ಹೆಗಲು ಜಾರಿತು, ಮೂರನೆಯವನು ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಅನರ್ಹನಾದನು ಎಂದರೆ ಉಳಿದವರು ಹನ್ನೆರಡು. ಅಭ್ಯಾಸಕ್ಕೆ ಎರಡು ಪಕ್ಷಗಳನ್ನು ಮಾಡಲು ಇಪ್ಪತ್ತೆರಡು ಮಂದಿ ಬೇಕು. ಅಷ್ಟು ಮಂದಿ ಎಂದೂ ಇರುವುದಿಲ್ಲ.

ಇದಕ್ಕಿಂತ ಗಂಭೀರವಾದ ಅಂಶ ಇನ್ನೊಂದಿದೆ. ಹದಿನೈದರಲ್ಲಿ ನಾಲ್ಕೈದು ಮಂದಿ ಹದಿನಾಲ್ಕು ವರ್ಷದ ಎಳೆಯರು. ದೊಡ್ಡ ಶಾಲೆಯಲ್ಲಿ ಆ ವಯಸ್ಸಿನವರು ತಮ್ಮ ಸಮಾನರೊಡನೆ ಕಿರಿಯರ ತಂಡದಲ್ಲಿ ಆಡಿ ಕಲಿಯುತ್ತಾರೆ. ಸಣ್ಣ ಶಾಲೆಯಲ್ಲಿ ಅವರನ್ನು ಹದಿನೆಂಟು ವರ್ಷದ, ಮೈ ತುಂಬಿದ ಯುವಕರ ಎದುರಿಗೆ ನಿಲ್ಲಿಸದೆ ಗತ್ಯಂತರವಿಲ್ಲ. ತರಬೇತುಗಾರನು ಋತುವಿನ ನಡುವೆಯೇ ಉಳಿದ ಪಂದ್ಯಗಳನ್ನು ರದ್ದುಮಾಡಿದನೆಂದು ಪತ್ರಿಕೆಗಳಲ್ಲಿ ಓದುವಾಗ ಕಾರಣ ಬಹುತೇಕ ಇದೇ ಆಗಿರುತ್ತದೆ. ಅಂಥವನನ್ನು ಅಧೈರ್ಯವಂತನೆಂದು ಊರು ಹಳಿಯುವುದೂ ಉಂಟು. ಅದು ನ್ಯಾಯವಲ್ಲ.

ಈ ಗಣಿತಕ್ಕೆ ಮೊದಲ ಉತ್ತರ ಹುಟ್ಟಿದುದು ನೆಬ್ರಾಸ್ಕದ ಥೇಯರ್ ಎಂಬ ಜಿಲ್ಲೆಯಲ್ಲಿ. ಅಲ್ಲಿನ ಚೆಸ್ಟರ್ ಎಂಬ ಹಳ್ಳಿಯ ಹೈಸ್ಕೂಲಿನಲ್ಲಿ ಸ್ಟೀಫನ್ ಎಪ್ಲರ್ ಎಂಬ ಇಪ್ಪತ್ತೈದರ ಆಸುಪಾಸಿನ ಉಪಾಧ್ಯಾಯರಿದ್ದರು, ತರಬೇತಿಯೂ ಅವರದೇ. 1934 ಬಯಲುಸೀಮೆಗೆ ಘೋರವಾದ ಬರಗಾಲದ ವರ್ಷ. ಹನ್ನೊಂದು ಮಂದಿಯನ್ನು ಕೂಡಿಸಲಾರದ, ಕೂಡಿಸಿದರೂ ಅವರಿಗೆ ಉಡುಪು ಕೊಡಿಸಲಾರದ ಶಾಲೆಗಳು ಸುತ್ತಲೂ ಇದ್ದುವು. ಎಪ್ಲರ್ ಅವರು ಆರು ಮಂದಿಯ ಆಟವೊಂದನ್ನು ರೂಪಿಸಿದರು. ಅದರ ಮೊದಲನೆಯ ಪಂದ್ಯ ಅದೇ ವರ್ಷ ಸೆಪ್ಟೆಂಬರ್ 26ರಂದು, ಜಿಲ್ಲೆಯ ಮುಖ್ಯ ಪಟ್ಟಣವಾದ ಹೆಬ್ರನ್ನಿನಲ್ಲಿ ದೀಪದ ಬೆಳಕಿನಲ್ಲಿ ನಡೆಯಿತು. ಹೆಬ್ರನ್ ಮತ್ತು ಚೆಸ್ಟರ್ ಕೂಡಿ ಒಂದು ಪಕ್ಷ, ಬೆಲ್ವಿಡಿಯರ್ ಮತ್ತು ಅಲೆಗ್ಸಾಂಡ್ರಿಯ ಕೂಡಿ ಇನ್ನೊಂದು. ಸುಮಾರು ಸಾವಿರ ಜನ ನೋಡಲು ಬಂದಿದ್ದರು. 19-19 ಅಂಕಗಳಿಂದ ಪಂದ್ಯ ಸರಿಸಮವಾಗಿ ಮುಗಿಯಿತು.

ಐವರನ್ನು ಕಳೆದುಬಿಟ್ಟರೆ ಆಟ ತಾನಾಗಿ ಸರಿಹೋಗುವುದಿಲ್ಲ. ಅಂಗಳವನ್ನು 80 ಗಜ ಉದ್ದ, 40 ಗಜ ಅಗಲಕ್ಕೆ ಇಳಿಸಲಾಗಿದೆ. ಆದರೂ ಲೆಕ್ಕ ಹಾಕಿ ನೋಡಿದರೆ, ಹನ್ನೊಂದು ಮಂದಿಯ ಆಟದಲ್ಲಿ ಒಬ್ಬೊಬ್ಬನ ಪಾಲಿಗೆ ಸುಮಾರು 242 ಚದರ ಗಜ ನೆಲ ಬರುವಲ್ಲಿ ಆರು ಮಂದಿಯದರಲ್ಲಿ 267 ಚದರ ಗಜ ಬರುತ್ತದೆ. ಓಡುವವನಿಗೆ ತೆರಪು ಹೆಚ್ಚು, ಹಿಡಿಯುವವನಿಗೆ ಕಷ್ಟ ಹೆಚ್ಚು. ಇದನ್ನು ತೂಗಿಸಲೆಂದು, ನಾಲ್ಕು ಪ್ರಯತ್ನಗಳಲ್ಲಿ ಹತ್ತರ ಬದಲು ಹದಿನೈದು ಗಜ ಮುನ್ನಡೆಯಬೇಕೆಂದು ಮುಂದೆ ಗೊತ್ತುಮಾಡಲಾಯಿತು. ಚೆಂಡನ್ನು ಮೊದಲು ಕೈಗೆ ಪಡೆದವನು ತಾನೇ ಅದನ್ನು ಹೊತ್ತು ಎದುರಾಳಿಯ ಕಡೆಗೆ ಗೆರೆ ದಾಟುವಂತಿಲ್ಲ, ಇನ್ನೊಬ್ಬನಿಗೆ ದಾಟಿಸಲೇಬೇಕು. ಹೀಗಾಗಿ ಒಬ್ಬ ಬಲಶಾಲಿಯೇ ಇಡೀ ಪಂದ್ಯವನ್ನು ನುಂಗಿಹಾಕುವುದು ತಪ್ಪಿತು. ಚೆಂಡನ್ನು ಕಾಲಿನಿಂದ ಒದೆದು ಕಂಬಗಳ ನಡುವೆ ಹಾಯಿಸಿದರೆ ಸಾಮಾನ್ಯವಾಗಿ ಮೂರು ಅಂಕ. ಆರು ಮಂದಿಯಲ್ಲಿ ಒದೆಯುವವನನ್ನು ಕಾಯುವವರು ಕಡಮೆಯಾದುದರಿಂದ ಅದು ದುಸ್ಸಾಧ್ಯ, ಆ ಕಾರಣದಿಂದ ನಾಲ್ಕು ಅಂಕ. ಎಲ್ಲಕ್ಕಿಂತ ಮನೋಹರವಾದ ನಿಯಮವೆಂದರೆ, ಆರು ಮಂದಿಯಲ್ಲಿ ಯಾರು ಬೇಕಾದರೂ ಎಸೆದ ಚೆಂಡನ್ನು ಹಿಡಿಯಬಹುದೆಂಬುದು. ಹನ್ನೊಂದು ಮಂದಿಯ ಆಟದಲ್ಲಿ ಮುಂದಿನ ಸಾಲಿನ ಐವರು ದಢೂತಿ ಹುಡುಗರಿಗೆ ಈ ಅಧಿಕಾರವಿಲ್ಲ. ಅವರು ವರ್ಷವೆಲ್ಲ ಎದುರಾಳಿಯನ್ನು ತಳ್ಳುತ್ತಲೇ ಇರಬೇಕು. ಒಂದು ಪಕ್ಷ ಅರ್ಧ ಆಟವಾದ ಮೇಲೆ 45 ಅಂಕಗಳಷ್ಟು ಮುಂದಾದರೆ ಪಂದ್ಯವನ್ನು ಅಲ್ಲಿಗೇ ನಿಲ್ಲಿಸುವ ದಯೆಯೂ ಇದರಲ್ಲಿ ಸೇರಿದೆ. ಎರಡೂ ಪಕ್ಷಗಳು ಐವತ್ತು ಅರುವತ್ತು ಅಂಕಗಳನ್ನು ಗಳಿಸುವುದು ಇಲ್ಲಿ ಅಪರೂಪವಲ್ಲ.

ಎಪ್ಲರ್ ಅವರ ವಿಷಯದಲ್ಲಿ ಇಲ್ಲಿಯೇ ಒಂದು ಮಾತನ್ನು ಹೇಳಿಬಿಡಬಹುದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಮರಳಿ ಬಂದ ಯೋಧರ ವ್ಯಾಸಂಗಕ್ಕಾಗಿ ಓರೆಗಾನ್ ಸಂಸ್ಥಾನದ ವ್ಯಾನ್‌ಪೋರ್ಟ್ ಎಂಬಲ್ಲಿ ಅವರು ಒಂದು ಶಿಕ್ಷಣಕೇಂದ್ರವನ್ನು ಸ್ಥಾಪಿಸಿದರು. 1948ರಲ್ಲಿ ಕೊಲಂಬಿಯ ನದಿಯ ಪ್ರವಾಹದಲ್ಲಿ ಆ ಊರೇ ಕೊಚ್ಚಿಹೋಯಿತು. ಕೇಂದ್ರ ಮಾತ್ರ ಬೇರೆಡೆಗೆ ಹೋಗಿ ಉಳಿದು, ಇಂದಿನ ಪೋರ್ಟ್‌ಲೆಂಡ್ ಸಂಸ್ಥಾನ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಇದ್ದಷ್ಟರಲ್ಲಿ ಸಂಸ್ಥೆಯನ್ನು ನಡೆಯಿಸಿಕೊಂಡು ಹೋಗುವ ಬುದ್ಧಿ ಅವರಿಗೆ ಮೈಗೂಡಿದ್ದಿತೆಂದು ತೋರುತ್ತದೆ.

ಆರು ಮಂದಿಯ ಆಟ ಬೇಗನೆ ಹಬ್ಬಿತು. ಟೆಕ್ಸಸ್ ಸಂಸ್ಥಾನದ ಶಾಲಾ ಕ್ರೀಡಾಮಂಡಲಿ ಅದನ್ನು 1938ರಲ್ಲಿ ಅಂಗೀಕರಿಸಿತು. 1972ರಿಂದ ಅದಕ್ಕೆ ಸಂಸ್ಥಾನ ಮಟ್ಟದ ಚಾಂಪಿಯನ್ ಪದವಿಯೂ ಉಂಟು. ಊರು ಊರಿಗೆ ದೂರ ಬಹಳವಾದ ಪಶ್ಚಿಮ ಟೆಕ್ಸಸ್ಸಿನಲ್ಲಿ ಶಾಲೆಗಳನ್ನು ಕೂಡಿಸುವುದು ಸುಲಭವಲ್ಲ. ನಾಲ್ಕು ತರಗತಿಗಳಲ್ಲಿ ಕೂಡಿ 105ಕ್ಕಿಂತ ಕಡಮೆ ಮಕ್ಕಳಿರುವ ಶಾಲೆಗಳು ಈಚಿನ ವರ್ಷಗಳಲ್ಲಿ ಈ ವರ್ಗಕ್ಕೆ ಸೇರುತ್ತವೆ. ಖಾಸಗಿ ಶಾಲೆಗಳನ್ನೂ ಸೇರಿಸಿದರೆ ಅಲ್ಲಿ ಇನ್ನೂರಕ್ಕೂ ಮೇಲ್ಪಟ್ಟ ತಂಡಗಳು ಆರು ಮಂದಿಯ ಆಟವನ್ನು ಆಡುತ್ತಿವೆ. ಕ್ರಿಸ್ಟೋವಲ್ ಎಂಬ ಸಣ್ಣ ಊರಿನಲ್ಲಿ ಇದನ್ನು ಆಡಿ ಬೆಳೆದ ಜ್ಯಾಕ್ ಪಾರ್ಡಿ ಮುಂದೆ ವೃತ್ತಿಪರ ಫುಟ್‌ಬಾಲಿನಲ್ಲಿ ಪ್ರಸಿದ್ಧ ಆಟಗಾರರೂ ತರಬೇತುಗಾರರೂ ಆದರು. ಇದು ನಿಜವಾದ ಫುಟ್‌ಬಾಲ್ ಅಲ್ಲವೆಂದು ಮೂಗು ಮುರಿಯುವವರಿಗೆ ಟೆಕ್ಸಸ್ಸಿನವರು ಅವರ ಹೆಸರನ್ನು ಹೇಳುತ್ತಾರೆ.

ಬಯಲುಸೀಮೆಯ ಉತ್ತರಭಾಗದಲ್ಲಿ ಬೇರೆ ಬೇರೆ ಸಂಖ್ಯೆಗಳು ನೆಲೆಗೊಂಡುವು. ನೆಬ್ರಾಸ್ಕ, ಕಾನ್ಸಸ್‌ಗಳಲ್ಲಿ ಎಂಟು ಮಂದಿಯ ಆಟ ಹೆಚ್ಚು. ಮಿನೆಸೋಟ ಮತ್ತು ಎರಡು ಡಕೋಟಗಳಲ್ಲಿ ಒಂಬತ್ತು ಮಂದಿಯದು. ಹನ್ನೊಂದರ ಸ್ವರೂಪವನ್ನು ಸಾಧ್ಯವಾದಷ್ಟು ಉಳಿಸಿಕೊಂಡು ಇಬ್ಬರನ್ನೋ ಮೂವರನ್ನೋ ಕಡಮೆ ಮಾಡಿದಂತಾಯಿತು. ಮಿಚಿಗನ್ ಸಂಸ್ಥಾನ ಬಹುಕಾಲ ಹನ್ನೊಂದನ್ನು ಬಿಡಲಿಲ್ಲ. ಅಲ್ಲಿ ಎಂಟು ಮಂದಿಯ ಆಟಕ್ಕೆ ಅಧಿಕೃತ ಅಂತಿಮ ಸ್ಪರ್ಧೆ ಏರ್ಪಟ್ಟುದು 2011ರಲ್ಲಿ. ತಂಡಗಳು ಬೆಳೆದು 2017ರಲ್ಲಿ ಅದನ್ನು ಎರಡು ವಿಭಾಗಗಳಾಗಿ ಒಡೆಯಬೇಕಾಯಿತು. ಈಗ ಅವುಗಳ ಸಂಖ್ಯೆ ನೂರನ್ನು ಮೀರಿದೆ. ಮಿಚಿಗನ್ನಿನ ಉತ್ತರದ ಪರ್ಯಾಯದ್ವೀಪದಲ್ಲಿ ಗೋಧಿಯ ಹೊಲಗಳಿಲ್ಲ. ತಾಮ್ರ, ಕಬ್ಬಿಣದ ಗಣಿಗಳೂ ಮರದ ಉದ್ಯಮವೂ ಇದ್ದುವು. ಗಣಿಗಳು ಮುಚ್ಚಿದ ಮೇಲೆ ಜನ ಚದರಿದರು. ಕಾರಣ ಬೇರೆಯಾದರೂ ಶಾಲೆಗೆ ಒದಗಿದ ಪಾಡು ಒಂದೇ.

ಹೀಗೆ ಒಂದು ಶಾಲೆ ಎಂಟಕ್ಕೆ ಇಳಿದರೆ ನೆರೆಯ ಶಾಲೆಯ ಮೇಲೆಯೂ ಅದರ ಪರಿಣಾಮವಾಗುತ್ತದೆ. ಹನ್ನೊಂದನ್ನೇ ಹಿಡಿದುಕೊಂಡವರಿಗೆ ಹತ್ತಿರದಲ್ಲಿ ಎದುರಾಳಿಗಳು ಸಿಕ್ಕುವುದಿಲ್ಲ. ನೂರಾರು ಮೈಲಿ ಬಸ್ಸಿನಲ್ಲಿ ಹೋಗಿ, ತಮಗಿಂತ ಎರಡು ಪಟ್ಟು ದೊಡ್ಡದಾದ ಶಾಲೆಯಿಂದ ಸೋತು, ನಡುರಾತ್ರಿ ಕಳೆದ ಮೇಲೆ ಮನೆ ಸೇರಬೇಕಾಗುತ್ತದೆ. ಎರಡು ವರ್ಷ ಹೀಗೆ ನಡೆದರೆ ಹುಡುಗರು ಆಟಕ್ಕೆ ಬರುವುದನ್ನೇ ಬಿಡುತ್ತಾರೆ. ಮೇಲಾಗಿ, ನೆಬ್ರಾಸ್ಕ ಮೊದಲಾದ ಸಂಸ್ಥಾನಗಳಲ್ಲಿ ತಂದೆತಾಯಿಗಳು ಮಕ್ಕಳನ್ನು ನೆರೆಯ ವಿಭಾಗದ ಶಾಲೆಗೆ ಕಳಿಸುವ ಸ್ವಾತಂತ್ರ್ಯವಿದೆ. ಆಡಬಯಸುವ ಹುಡುಗನು ತಂಡವಿರುವ ಶಾಲೆಗೆ ಹೋಗುತ್ತಾನೆ, ಅವನೊಡನೆ ತಮ್ಮ ತಂಗಿಯರೂ ಹೋಗುತ್ತಾರೆ. ಸರಕಾರದ ಸಹಾಯಧನಕ್ಕೂ ಮಕ್ಕಳ ಸಂಖ್ಯೆಗೂ ಸಂಬಂಧವಿರುವಲ್ಲಿ ಶಾಲೆಯ ಆದಾಯವೂ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಮೊದಲು ಹೇಳಿದ ಊರಿನವರ ಭಯ ಬರಿಯ ಭ್ರಮೆಯಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಪೆಟ್ಟಿನ ಭಯವೂ ಇದಕ್ಕೆ ಸೇರಿಕೊಂಡಿದೆ. ವೃತ್ತಿಪರ ಆಟಗಾರನೊಬ್ಬನ ಮೆದುಳಿನಲ್ಲಿ ಮೇಲಿಂದ ಮೇಲೆ ಬಿದ್ದ ಪೆಟ್ಟುಗಳಿಂದಾದ ರೋಗದ ಗುರುತುಗಳನ್ನು ನೈಜೀರಿಯ ಮೂಲದ ವೈದ್ಯ ಬೆನೆಟ್ ಒಮಾಲು ಅವರು 2005ರಲ್ಲಿ ಪ್ರಕಟಿಸಿದ ತರುವಾಯ ತಾಯಂದಿರು ಎಚ್ಚತ್ತರು. ಹನ್ನೊಂದು ಮಂದಿಯ ಆಟವಾಡುವ ಹೈಸ್ಕೂಲು ಹುಡುಗರು ದೇಶದಲ್ಲಿ 2008-09ರಲ್ಲಿ 11 ಲಕ್ಷವಿದ್ದವರು ಹತ್ತು ವರ್ಷಗಳಲ್ಲಿ ಸುಮಾರು 10 ಲಕ್ಷಕ್ಕೆ ಇಳಿದರು. ಇಡೀ ದೇಶದ ಮಟ್ಟದಲ್ಲಿ ಇದು ದೊಡ್ಡ ನಷ್ಟವಲ್ಲ. ಎಂಬತ್ತು ಮಂದಿಯ ತಂಡದಲ್ಲಿ ಎಂಟು ಮಂದಿ ಕಡಮೆಯಾದರೆ ತರಬೇತುಗಾರನಿಗೆ ಅದರ ಅರಿವೇ ಆಗದು. ಹದಿಮೂರು ಮಂದಿಯ ತಂಡದಲ್ಲಿ ಮೂರು ಮನೆಯ ತಾಯಂದಿರು ಬೇಡವೆಂದರೆ ಆ ವರ್ಷದ ಆಟ ಅಲ್ಲಿಗೆ ಮುಗಿಯಿತು.

ಸಂಖ್ಯೆಯನ್ನು ಇಳಿಸಲೊಪ್ಪದ ಶಾಲೆಗಳಿಗೆ ಉಳಿದಿರುವ ದಾರಿ ನೆರೆಯ ಶಾಲೆಯೊಡನೆ ಕೂಡಿ ಒಂದು ತಂಡವನ್ನು ಕಟ್ಟುವುದು. ಪಾಠಗಳು ಬೇರೆ ಬೇರೆ, ಆಟ ಮಾತ್ರ ಒಟ್ಟು. ಕೇಳಲು ಸುಲಭವಾಗಿರುವ ಈ ಏರ್ಪಾಡು ನಡೆಯುವಾಗ ಪಡುವ ಪಾಡು ವಿಚಿತ್ರ. ಆ ನೆರೆಯ ಊರೆಂದರೆ ಅಜ್ಜನ ಕಾಲದಿಂದ ಸೋಲಿಸಲೇಬೇಕೆಂದು ಹಟ ತೊಟ್ಟ ಊರು. ಉಡುಪಿಗೆ ಯಾವ ಬಣ್ಣ? ಎರಡು ಊರುಗಳ ಹೆಸರನ್ನು ಅಡ್ಡಗೆರೆಯಿಂದ ಜೋಡಿಸುವಾಗ ಯಾವುದು ಮೊದಲು? ಪಂದ್ಯ ಯಾರ ಮೈದಾನದಲ್ಲಿ, ತಿಂಡಿ ಮಳಿಗೆಯ ಹಣ ಯಾರಿಗೆ? ಶಾಲಾ ಮಂಡಲಿಗಳ ಸಭೆಗಳಲ್ಲಿ ಇಂಥ ಪ್ರಶ್ನೆಗಳು ಉಪಾಧ್ಯಾಯರ ಸಂಬಳದ ಪ್ರಶ್ನೆಗಿಂತ ಹೆಚ್ಚು ಕಾಲವನ್ನು ತಿನ್ನುವುದುಂಟು. ಇದಲ್ಲದೆ, ಎರಡು ಶಾಲೆಗಳ ಮಕ್ಕಳ ಸಂಖ್ಯೆಯನ್ನು ಕೂಡಿಸಿ ವರ್ಗ ನಿರ್ಣಯಿಸುವ ಸಂಸ್ಥಾನಗಳಲ್ಲಿ, ಕೂಡಿದ ತಂಡವು ಮೇಲಿನ ವರ್ಗಕ್ಕೆ ಏರಿ ಇನ್ನೂ ದೊಡ್ಡ ಶಾಲೆಗಳನ್ನು ಎದುರಿಸಬೇಕಾಗುತ್ತದೆ.

ಕೂಡಿ ಆಡುವುದು ಕೂಡಿ ಓದುವುದಕ್ಕೆ ಪೀಠಿಕೆಯೆಂದು ಅನೇಕ ಊರುಗಳಲ್ಲಿ ನಂಬಿಕೆಯಿದೆ, ಅನುಭವವೂ ಬಹುಮಟ್ಟಿಗೆ ಹಾಗೆಯೇ ಇದೆ. ಈ ದೃಷ್ಟಿಯಿಂದ ನೋಡಿದರೆ, ಹನ್ನೊಂದೆಂಬ ಸಂಖ್ಯೆಯ ಮೇಲಿನ ಅಭಿಮಾನದಿಂದ ನೆರೆಯ ಶಾಲೆಯೊಡನೆ ಬೆರೆತ ಊರುಗಳಿಗಿಂತ, ಅಭಿಮಾನವನ್ನು ಬದಿಗಿಟ್ಟು ಎಂಟಕ್ಕೋ ಆರಕ್ಕೋ ಇಳಿದ ಊರುಗಳು ತಮ್ಮ ಹೆಸರನ್ನೂ ತಮ್ಮ ಮೈದಾನವನ್ನೂ ಹೆಚ್ಚು ಕಾಲ ಉಳಿಸಿಕೊಂಡಿವೆಯೆಂದು ಹೇಳಬೇಕಾಗುತ್ತದೆ. ಹನ್ನೊಂದರಲ್ಲಿ ಪವಿತ್ರವಾದುದು ಏನೂ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಆಟ ರೂಪುಗೊಳ್ಳುತ್ತಿದ್ದಾಗ ಕಾಲೇಜಿನವರು ಹದಿನೈದು, ಇಪ್ಪತ್ತು, ಇಪ್ಪತ್ತೈದು ಮಂದಿಯನ್ನು ಇಟ್ಟುಕೊಂಡೂ ಆಡಿದ್ದರು. 1880ರಲ್ಲಿ ಹನ್ನೊಂದೆಂದು ಗೊತ್ತಾಯಿತು. ಆದರೆ ಆರು ಮಂದಿಯ ಆಟ ಕಾಲಾವಕಾಶವನ್ನು ಕೊಡುತ್ತದೆಯೇ ಹೊರತು ಮಕ್ಕಳನ್ನು ಕೊಡುವುದಿಲ್ಲ.

ಥೇಯರ್ ಜಿಲ್ಲೆಯಲ್ಲಿ 1900ರಲ್ಲಿ 14,000ಕ್ಕೂ ಹೆಚ್ಚು ಜನರಿದ್ದರು. 2020ರಲ್ಲಿ 5,000ದ ಆಸುಪಾಸು. ಮೊದಲ ಪಂದ್ಯಕ್ಕೆ ಹುಡುಗರನ್ನು ಕಳಿಸಿದ ನಾಲ್ಕು ಊರುಗಳಲ್ಲಿ ಹೈಸ್ಕೂಲು ಉಳಿದಿರುವುದು ಹೆಬ್ರನ್ ಒಂದರಲ್ಲಿಯೇ. ಉತ್ತರಕ್ಕೆ ಮೊಂಟಾನ ಸಂಸ್ಥಾನದಲ್ಲಿ ಆರು ಮಂದಿಯನ್ನೂ ಒಂದು ಊರು ಒದಗಿಸಲಾರದ ಸ್ಥಿತಿ ಬಂದಿದೆ. ಡೆಂಟನ್, ಗೈಸರ್, ಸ್ಟ್ಯಾನ್‌ಫರ್ಡ್, ಜೆರಾಲ್ಡೀನ್ ಎಂಬ ನಾಲ್ಕು ಊರುಗಳು ಅಲ್ಲಿ ಕೂಡಿಕೊಂಡು, ನಾಲ್ಕರ ಹೆಸರಿನ ಮೊದಲಕ್ಷರಗಳನ್ನೂ ಒಟ್ಟಿಗೆ ಇಟ್ಟುಕೊಂಡು, ಆರು ಮಂದಿಯ ಒಂದು ತಂಡವನ್ನು ಅಂಗಳಕ್ಕೆ ಇಳಿಸಿದುವು. 1934ರಲ್ಲಿ ಹೆಬ್ರನ್ನಿನ ದೀಪಗಳ ಕೆಳಗೆ ನಾಲ್ಕು ಊರುಗಳಿಂದ ಎರಡು ತಂಡಗಳು ಬಂದಿದ್ದುವು.